ಕೆಲಸ ಬಿಟ್ಟು ಮಳಿಗೆ ಬಾಡಿಗೆಯಲ್ಲೇ ಬದುಕಬಹುದಾ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 36, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರಲ್ಲಿದ್ದ ಸೈಟ್ ಮಾರಿ 60 ಲಕ್ಷ ಕೈಗೆ ಬಂದಿದೆ. ಅಂಗಡಿ, ಆಫೀಸು ಜಾಗ ಕೊಂಡು ಬಾಡಿಗೆಗೆ ಕೊಡುವುದನ್ನೇ ವೃತ್ತಿ ಮಾಡಿಕೊಂಡು ಕೆಲಸ ಬಿಡೋಣ ಅಂತಿದ್ದೇನೆ. ಒಬ್ಬ ಬಿಲ್ಡರ್ ಕಟ್ಟುತ್ತಿರುವ ಮಾಲ್‌ನಲ್ಲಿ 180 ಚದರ ಅಡಿಯ ಮಳಿಗೆ 24 ಲಕ್ಷಕ್ಕೆ ಸಿಗುತ್ತಿದೆ, ಕೀ ಕೊಡುವವರೆಗೆ ವರ್ಷಕ್ಕೆ ಶೇ 12 ಗ್ಯಾರಂಟಿ ಕೊಡ್ತೀವಿ ಅಂತಿದ್ದಾರೆ. ಎರಡು ತಗೊಳ್ಳಲಾ? ಇದು ವೃತ್ತಿಯಾಗಿ ನಡೆಯುತ್ತಾ? ಎಲ್ಲಿಂದ ಶುರು ಮಾಡಬೇಕು? ಮಂಡಿಪೇಟೆಯಲ್ಲಿ ಅಪ್ಪನ ಹಳೇ ಅಂಗಡಿಯೂ ಒಂದಿದೆ, ಆದರೆ ಅದರ ಬಾಡಿಗೆ ತಿಂಗಳಿಗೆ 4,500, ಲೆಕ್ಕಕ್ಕೇ ಇಲ್ಲ ಬಿಡಿ.

ಉತ್ತರ: ಮಾಲ್ ವಿಷಯ ಮೊದಲು ಮುಗಿಸಿಬಿಡೋಣ. ನೀವು ಇಷ್ಟರಲ್ಲೇ ಹೋಗಿ ಟೋಕನ್ ಕೊಟ್ಟುಬಿಡುತ್ತೀರೇನೋ ಅಂತ ನನಗೆ ಭಯ. ತಗೋಬೇಡಿ.

ಯಾಕೆ ಅಂದರೆ, 180 ಚದರ ಅಡಿ ಅಂತ ಅವರು ಹೇಳುತ್ತಿರುವುದು ಸೂಪರ್ ಬಿಲ್ಟ್-ಅಪ್. ಮಾಲ್‌ನಲ್ಲಿ ಲಿಫ್ಟು, ಎಸ್ಕಲೇಟರ್, ಓಡಾಡುವ ಜಾಗ ಎಲ್ಲಾ ನಿಮ್ಮ ತಲೆಗೇ ಹಂಚುತ್ತಾರೆ. ಒಳಗೆ ನಿಮ್ಮ ಕಾಲಿಗೆ ಸಿಗುವ ಕಾರ್ಪೆಟ್ ಏರಿಯಾ 95 ಚದರ ಅಡಿ ಅಂತಿಟ್ಟುಕೊಂಡರೆ, ಅಡಿಗೆ 25 ಸಾವಿರ ದಾಟಿತು. ಅದೇ ಬೆಲೆಗೆ ಎಷ್ಟೋ ಕಡೆ ಮುಖ್ಯರಸ್ತೆಯ ನೆಲಮಹಡಿ ಅಂಗಡಿಯನ್ನೇ ನೋಡಬಹುದು. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಕಾರ್ಪೆಟ್ ಲೆಕ್ಕದಲ್ಲೇ ಮಾರಬೇಕು ಅನ್ನುತ್ತದೆ, ಆದರೂ ಸೇಲ್ಸ್ ಹುಡುಗರ ಬಾಯಲ್ಲಿ ಆ ಪದ ಬರುವುದೇ ಇಲ್ಲ.

ಇನ್ನು ಆ ಶೇ 12. ಕಟ್ಟುತ್ತಿರುವ ವಾಣಿಜ್ಯ ಮಳಿಗೆ ಕೊಂಡರೆ ಸಾಮಾನ್ಯವಾಗಿ ಶೇ 12 ಜಿಎಸ್‌ಟಿ ಕಟ್ಟಬೇಕು. 24 ಲಕ್ಷಕ್ಕೆ 2.88 ಲಕ್ಷ. ಅವರು ವರ್ಷಕ್ಕೆ ಕೊಡುವ ಗ್ಯಾರಂಟಿ ಹಣ ಎಷ್ಟು? ಅದೂ 2.88 ಲಕ್ಷವೇ. ಅಂದರೆ ಮೊದಲ ವರ್ಷದ ಗ್ಯಾರಂಟಿ ತೆರಿಗೆಗೇ ಸರಿಹೋಯಿತು. ಎರಡನೇ ವರ್ಷದ್ದು ನಿಮ್ಮ ದುಡ್ಡನ್ನೇ ನಿಮಗೆ ತಿರುಗಿ ಕೊಡುವುದು, ಬೆಲೆಯಲ್ಲಿ ಅದನ್ನು ಮೊದಲೇ ಸೇರಿಸಿಕೊಂಡಿರುತ್ತಾರೆ. ದೆಹಲಿ ಪಕ್ಕದ ನೋಯ್ಡಾ, ಗುರುಗ್ರಾಮದಲ್ಲಿ ಈ ಥರ ಚೆಕ್ಕು ಬರುವುದು ನಿಂತು, ಕಟ್ಟಡವೂ ಅರ್ಧಕ್ಕೇ ನಿಂತು, ಜನ ವರ್ಷಗಟ್ಟಲೆ ಕೋರ್ಟು ಅಲೆದಿದ್ದಾರೆ. ಕಟ್ಟಡ ಮುಗಿದರೂ ಇನ್ನೊಂದು ತೊಂದರೆ ಇದೆ. ನೂರಾರು ಜನರಿಗೆ ಚೂರುಚೂರು ಮಾರಿದ ಮಾಲ್‌ನಲ್ಲಿ ಯಾವ ಅಂಗಡಿ ಪಕ್ಕ ಯಾವುದು ಬರಬೇಕು ಅಂತ ತೀರ್ಮಾನಿಸುವ ಯಜಮಾನ ಯಾರೂ ಇರುವುದಿಲ್ಲ, ಒಬ್ಬ ಬಟ್ಟೆ ಅಂಗಡಿಗೆ ಕೊಟ್ಟ, ಪಕ್ಕದವ ಷಟರ್ ಎಳೆದು ದುಬೈಗೆ ಹೋದ, ಎದುರಿನವ ಗೋಡೌನ್ ಮಾಡಿಕೊಂಡ, ಎರಡು ವರ್ಷಕ್ಕೆ ಎಸ್ಕಲೇಟರ್ ನಿಲ್ಲುತ್ತದೆ. ಒಬ್ಬರೇ ಮಾಲೀಕರಿರುವ ಮಾಲ್‌ಗಳು ನಡೆಯುವುದಕ್ಕೂ ಇವು ಸೊರಗುವುದಕ್ಕೂ ಇದೇ ಕಾರಣ.

ಸರಿ, ಈಗ ನಿಮ್ಮ ನಿಜವಾದ ಪ್ರಶ್ನೆ. ವೃತ್ತಿಯಾಗಿ ನಡೆಯುತ್ತಾ? ನಡೆಯುತ್ತದೆ, ನನ್ನದು ನಡೆದಿದೆ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ, ನೀವು ಅಂದುಕೊಂಡಷ್ಟು ಬೇಗವೂ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಮರ್ಷಿಯಲ್ ರಿಯಲ್ ಎಸ್ಟೇಟ್ ಇನ್ವೆಸ್ಟರ್ ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಕಸುಬು ಇವೆ. ಒಂದು, ಬೇರೆಯವರ ದುಡ್ಡನ್ನು ಕೋಟಿಗಳ ಲೆಕ್ಕದಲ್ಲಿ ಹೂಡುವವರದ್ದು. ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಗೊತ್ತಲ್ವಾ? ಕೆಫೆ ಕಾಫಿ ಡೇ ಸಮೂಹದ ಕೈಯಲ್ಲಿತ್ತು, ಸಾಲ ತೀರಿಸಲು ಅದನ್ನು ಸುಮಾರು 2,700 ಕೋಟಿಗೆ ಬ್ಲಾಕ್‌ಸ್ಟೋನ್ ಮತ್ತು ಸಲಾರ್‌ಪುರಿಯಾ ಸತ್ವಕ್ಕೆ ಮಾರಲು 2019ರಲ್ಲಿ ಒಪ್ಪಂದವಾಯಿತು. ಅಂಥ ವ್ಯವಹಾರದ ಹಿಂದೆ ಸಂಬಳಕ್ಕೆ ದುಡಿಯುವ ವಿಶ್ಲೇಷಕರು, ವಕೀಲರು, ಎಂಜಿನಿಯರ್‌ಗಳು ಇರುತ್ತಾರೆ. ಅದು ನೌಕರಿ, ಒಳ್ಳೇ ನೌಕರಿಯೇ. ಸಿಎ ಅಥವಾ ಎಂಬಿಎ ಮಾಡಿಕೊಂಡು ಇಪ್ಪತ್ತರ ಹರೆಯದಲ್ಲಿ ಸಿಬಿಆರ್‌ಇ, ಜೆಎಲ್‌ಎಲ್, ನೈಟ್ ಫ್ರಾಂಕ್ ಥರದ ಸಲಹಾ ಕಂಪನಿ ಸೇರಿ, ಆಮೇಲೆ ಯಾವುದೋ ಫಂಡ್‌ಗೆ ಹಾರುವುದು ಅಲ್ಲಿನ ರೂಢಿಯ ದಾರಿ. ಎರಡನೆಯದು ನಮ್ಮಂಥವರದ್ದು. ಸ್ವಂತ ದುಡ್ಡು, ಬ್ಯಾಂಕ್ ಸಾಲ, ಮೂರೋ ಆರೋ ಷಟರ್. ನೀವು ಕೇಳುತ್ತಿರುವುದು ಎರಡನೆಯದು ಅಂತ ಅಂದುಕೊಂಡು ಮುಂದಿನದು ಬರೆಯುತ್ತೇನೆ.

ಲೆಕ್ಕ ಮಾಡೋಣ. ಸುಮ್ನೆ ಒಂದು ಉದಾಹರಣೆ. 90 ಲಕ್ಷದ ಅಂಗಡಿ, ತಿಂಗಳಿಗೆ 50 ಸಾವಿರ ಬಾಡಿಗೆ. ಬ್ರೋಕರ್ ಏನು ಹೇಳುತ್ತಾನೆ? "ಸಾರ್, ವರ್ಷಕ್ಕೆ ಆರು ಲಕ್ಷ, ಶೇ 6.7 ರಿಟರ್ನ್, ಮನೆ ಬಾಡಿಗೇಲಿ ಇದರ ಅರ್ಧಾನೂ ಬರಲ್ಲ." ಮನೆಯ ವಿಷಯ ಹೆಚ್ಚುಕಡಿಮೆ ನಿಜ. ಉಳಿದದ್ದು ನೋಡಿ. ಬೆಂಗಳೂರಿನಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಯಿತು. ಒಟ್ಟು 7.6, ಅಂದರೆ 6.84 ಲಕ್ಷ. ಬ್ರೋಕರ್‌ಗೆ ಶೇ 1, ವಕೀಲರಿಗೆ ಮತ್ತು ಓಡಾಟಕ್ಕೆ ಇನ್ನಷ್ಟು. ನಿಮ್ಮ ಕೈಬಿಟ್ಟ ಹಣ 98 ಲಕ್ಷ.

ಬಾಡಿಗೆ ಕಡೆ ಬನ್ನಿ. ಮೂರು ವರ್ಷಕ್ಕೊಮ್ಮೆ ಬಾಡಿಗೆದಾರ ಬದಲಾಗಿ ಮೂರು ತಿಂಗಳು ಖಾಲಿ ಬೀಳುತ್ತದೆ ಅಂದುಕೊಳ್ಳಿ, ಇದು ಉದಾರ ಲೆಕ್ಕವೇ. ವರ್ಷಕ್ಕೆ ಒಂದು ತಿಂಗಳು ಹೋಯಿತು. ಉಳಿದದ್ದು ಐದೂವರೆ ಲಕ್ಷ. ಆಸ್ತಿ ತೆರಿಗೆ 25 ಸಾವಿರ, ಹೊಸ ಬಾಡಿಗೆದಾರನನ್ನು ತಂದ ಬ್ರೋಕರ್‌ಗೆ ಮೂರು ವರ್ಷಕ್ಕೊಂದು ತಿಂಗಳ ಬಾಡಿಗೆ, ಅದು ವರ್ಷಕ್ಕೆ 17 ಸಾವಿರ. ಸುಣ್ಣಬಣ್ಣ, ಸೋರಿಕೆ, ಷಟರ್ ರಿಪೇರಿಗೆ 18 ಸಾವಿರ. ಕೈಗೆ ಬರುವುದು 4.9 ಲಕ್ಷ. 98 ಲಕ್ಷಕ್ಕೆ ಶೇ 5. ಆದಾಯ ತೆರಿಗೆ ಇನ್ನೂ ಕಟ್ಟಿಲ್ಲ.

ಈಗ ನಿಮ್ಮ 60 ಲಕ್ಷ ಹಾಕಿ ಉಳಿದ 38 ಲಕ್ಷ ಸಾಲ ತಗೊಳ್ಳಿ. ಶೇ 10 ಬಡ್ಡಿ, 15 ವರ್ಷ ಅಂದರೆ ತಿಂಗಳ ಕಂತು ಸುಮಾರು 40,800. ಮೇಲಿನ 4.9 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಅದೂ 40,800! ಹದಿನೈದು ವರ್ಷ ಅಂಗಡಿ ತನ್ನ ಸಾಲ ತಾನೇ ತೀರಿಸಿಕೊಳ್ಳುತ್ತದೆ, ಸಂತೋಷ. ಆದರೆ ಮನೆಗೆ ಅಕ್ಕಿ ಬೇಳೆ? ಮಕ್ಕಳ ಫೀಸು? ಬಾಡಿಗೆ ಮೂರು ವರ್ಷಕ್ಕೊಮ್ಮೆ ಶೇ 15 ಏರಿದರೂ ಮೊದಲ ಆರೇಳು ವರ್ಷ ಈ ಅಂಗಡಿ ನಿಮ್ಮನ್ನು ಸಾಕುವುದಿಲ್ಲ. ಅದಕ್ಕೇ ಹೇಳುವುದು, ಕೆಲಸ ಬಿಡಬೇಡಿ. ನಿಮ್ಮ ಸಂಬಳವೇ ಈ ವೃತ್ತಿಯ ಮೊದಲ ಬಂಡವಾಳ. ಸಂಬಳದ ಸ್ಲಿಪ್ ಇಲ್ಲದವನಿಗೆ ಬ್ಯಾಂಕಿನವರು ಕೊಡುವ ಕುರ್ಚಿಯೇ ಬೇರೆ.

ಈ ಕಸುಬಿನಲ್ಲಿ ಅತಿ ದೊಡ್ಡ ವೈರಿ ಯಾರು ಗೊತ್ತಾ? ಬಡ್ಡಿಯಲ್ಲ, ತೆರಿಗೆಯಲ್ಲ, ಖಾಲಿ ತಿಂಗಳು. ಮನೆ ಖಾಲಿಯಾದರೆ ಹದಿನೈದು ದಿನಕ್ಕೆ ಯಾರೋ ಬರುತ್ತಾರೆ. ಅಂಗಡಿ ಖಾಲಿಯಾದರೆ ಹಾಗಲ್ಲ. 2009ರಲ್ಲಿ ಬೆಂಗಳೂರಿನ ಪಶ್ಚಿಮದ ಒಂದು ಬಡಾವಣೆಯಲ್ಲಿ ನಾನು ಕೊಂಡ ಎರಡನೇ ಅಂಗಡಿಯ ಕಥೆ ಹೇಳುತ್ತೇನೆ. ಕೊಂಡು ಏಳು ತಿಂಗಳಿಗೆ ಎದುರಿನ ರಸ್ತೆಯಲ್ಲಿ ಅಗೆತ ಶುರುವಾಯಿತು, ಉದ್ದಕ್ಕೂ ತಗಡಿನ ಶೀಟು ನಿಂತವು. ನನ್ನ ಅಂಗಡಿಗೂ ಶೀಟಿಗೂ ಮಧ್ಯೆ ಒಂದು ಸ್ಕೂಟರ್ ಹೋಗುವಷ್ಟು ಜಾಗ. ಬಾಡಿಗೆದಾರ ಮೊಬೈಲ್ ಅಂಗಡಿಯವನು, ಒಳ್ಳೇ ಹುಡುಗ, ಎರಡು ತಿಂಗಳು ಅರ್ಧ ಬಾಡಿಗೆ ಕೊಟ್ಟ, ಮೂರನೇ ತಿಂಗಳು ಕೀ ತಂದು ಕೈಗಿಟ್ಟು "ಅಣ್ಣಾ, ಆಗ್ತಾ ಇಲ್ಲ" ಅಂದ. ಹನ್ನೊಂದು ತಿಂಗಳು ಖಾಲಿ. ಪ್ರತಿ ಭಾನುವಾರ ಹೋಗಿ ಷಟರ್ ಎತ್ತಿ ಧೂಳು ಗುಡಿಸಿ ಬರುತ್ತಿದ್ದೆ, ಟು-ಲೆಟ್ ಬೋರ್ಡಿನ ನಂಬರು ಬಿಸಿಲಿಗೆ ಮಾಸಿ ಎರಡು ಸಲ ಮತ್ತೆ ಬರೆಸಿದೆ. ಕಂತು ಕಟ್ಟಿದ್ದು ಹೆಂಡತಿಯ ಸಂಬಳದಿಂದ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಪ್ರತಿ ಅಂಗಡಿಯ ಹೆಸರಲ್ಲಿ ಒಂದು ವರ್ಷದ ಕಂತು ಎಫ್‌ಡಿಯಲ್ಲಿ ಇಲ್ಲದೆ ಮುಂದಿನ ಅಂಗಡಿ ನೋಡಲೂ ಹೋಗುವುದಿಲ್ಲ. ಬಾಡಿಗೆದಾರರ ಅಡ್ವಾನ್ಸ್ ಹಣವನ್ನು ಆ ಎಫ್‌ಡಿಗೆ ಸೇರಿಸಬೇಡಿ, ಅದು ತಿರುಗಿ ಕೊಡಬೇಕಾದ ಸಾಲ. ಎಷ್ಟೋ ಮಾಲೀಕರು ಅದನ್ನೇ ಮುಂದಿನ ಸೈಟಿಗೆ ಹಾಕಿ, ಅಂಗಡಿ ಖಾಲಿಯಾದ ದಿನ ಫೋನು ಸ್ವಿಚ್ ಆಫ್ ಮಾಡಿಕೊಂಡು ಕೂರುತ್ತಾರೆ.

ಹಾಗಾದರೆ ಖಾಲಿ ಬೀಳದ ಅಂಗಡಿ ಗುರುತಿಸುವುದು ಹೇಗೆ? ಇದೇ ಈ ಕಸುಬಿನ ಅಸಲಿ ಕೆಲಸ, ಎಕ್ಸೆಲ್ ಶೀಟಿನಲ್ಲಿ ಬರುವುದಿಲ್ಲ. ನಾನು ಅಂಗಡಿ ನೋಡಲು ಹೋದರೆ ಮೊದಲು ಅದರೊಳಗೆ ಹೋಗುವುದೇ ಇಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂರುತ್ತೇನೆ. ಒಂದು ಮಂಗಳವಾರ, ಒಂದು ಶನಿವಾರ, ಸಂಜೆ ಆರರಿಂದ ಒಂಬತ್ತು. ಡೈರಿಯ ಹಿಂದಿನ ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗುತ್ತೇನೆ, ಐದಕ್ಕೊಂದು ಅಡ್ಡಗೆರೆ. ಸುಮ್ಮನೆ ಹಾದುಹೋಗುವವರು ಎಷ್ಟು, ಕೈಯಲ್ಲಿ ಚೀಲ ಹಿಡಿದವರು ಎಷ್ಟು, ಗಾಡಿ ನಿಲ್ಲಿಸಿ ಇಳಿದವರು ಎಷ್ಟು. ನೂರು ಗಾಡಿ ಸರ್ರನೆ ಹೋಗುವ ರಸ್ತೆಗಿಂತ ಹತ್ತು ಗಾಡಿ ನಿಲ್ಲುವ ರಸ್ತೆ ಮೇಲು. ರಸ್ತೆಯ ಯಾವ ಮಗ್ಗುಲು ಅನ್ನುವುದನ್ನೂ ನೋಡಬೇಕು. ಸಂಜೆ ಬಸ್ಸು, ಮೆಟ್ರೋ ಇಳಿದು ಮನೆ ಕಡೆ ನಡೆಯುವ ಮಗ್ಗುಲಿನಲ್ಲಿ ಬೇಕರಿ, ಹಣ್ಣು, ಮೆಡಿಕಲ್ ಓಡುತ್ತವೆ. ಬೆಳಿಗ್ಗೆ ಆಫೀಸಿಗೆ ಓಡುವ ಮಗ್ಗುಲಿನಲ್ಲಿ ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ, ಅಲ್ಲಿ ದರ್ಶಿನಿ ಬಿಟ್ಟು ಬೇರೆಯದು ಕಷ್ಟ.

ಆಮೇಲೆ ಮುಖದ ಅಗಲ. ಒಂದೇ 300 ಚದರ ಅಡಿ, ಒಂದು 20 ಅಡಿ ಮುಖ 15 ಅಡಿ ಆಳ, ಇನ್ನೊಂದು 10 ಅಡಿ ಮುಖ 30 ಅಡಿ ಆಳ. ಮೊದಲನೆಯದಕ್ಕೆ ಬಾಡಿಗೆದಾರರು ಮುಗಿಬೀಳುತ್ತಾರೆ, ಎರಡನೆಯದು ರೈಲು ಬೋಗಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ನೋಡಿ. 3 ಇದ್ದ ಅಂಗಡಿಯನ್ನು ಬೇಕರಿಯವರು ಇಷ್ಟಪಟ್ಟು, ಓವನ್ನು ಫ್ರೀಜರಿಗೆ 15 ಬೇಕು ಅಂತ ಗೊತ್ತಾಗಿ ವಾಪಸು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀರಿನ ಪೈಪು, ಚರಂಡಿಯ ಸಂಪರ್ಕ, ಅಂಗಡಿಗೇ ಸೇರಿದ ಶೌಚಾಲಯ ಇವೆಯಾ? ಇವಿಲ್ಲದಿದ್ದರೆ ಹೋಟೆಲ್, ಕ್ಲಿನಿಕ್, ಬ್ಯೂಟಿ ಪಾರ್ಲರ್ ಮೂರೂ ಬರುವುದಿಲ್ಲ. ಮೊದಲ ಮಹಡಿಗೆ ನೆಲಮಹಡಿಯ ಅರ್ಧ ಬಾಡಿಗೆ ಬಂದರೆ ಪುಣ್ಯ, ಅದನ್ನು ಕೊಳ್ಳುವ ಬೆಲೆಯೂ ಅದೇ ಲೆಕ್ಕದಲ್ಲಿರಬೇಕು.

ಕಾಗದಪತ್ರದ ಬಗ್ಗೆ ಒಂದು ಪುಸ್ತಕ ಬರೆಯಬಹುದು, ಇಲ್ಲಿ ಬೇಡ. ಎರಡೇ ಮಾತು. ಮೂವತ್ತು ವರ್ಷದ ಇ.ಸಿ. (ಆಸ್ತಿ ಮೇಲಿನ ಋಣಭಾರದ ಪತ್ರ), ತಾಯಿಪತ್ರ (ಆಸ್ತಿಯ ಮೂಲ ಪತ್ರ), ಇ-ಖಾತಾ ಎಲ್ಲರೂ ಕೇಳುತ್ತಾರೆ. ಒ.ಸಿ., ಅಂದರೆ ಕಟ್ಟಡ ನಿಯಮದಂತೆ ಮುಗಿದಿದೆ, ಬಳಸಬಹುದು ಅನ್ನುವ ಪತ್ರ, ಅದನ್ನು ಯಾರೂ ಕೇಳುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒ.ಸಿ. ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ, ಬ್ಯಾಂಕುಗಳು ಅದನ್ನು ನೋಡಿಯೇ ಸಾಲ ಕೊಡಲಿ ಅಂದ ಮೇಲೆ ಕಥೆ ಬದಲಾಯಿತು. ಇವತ್ತು ಒ.ಸಿ. ಇಲ್ಲದ್ದನ್ನು ಅಗ್ಗಕ್ಕೆ ಕೊಂಡರೆ ನಾಳೆ ಮಾರುವಾಗ ಕೊಳ್ಳುವವನಿಗೆ ಸಾಲ ಸಿಗಬೇಕಲ್ವಾ? ಎರಡನೆಯದು, ವಸತಿ ಬಡಾವಣೆಯ ಸಣ್ಣ ರಸ್ತೆಯಲ್ಲಿ ಮನೆಯ ನೆಲಮಹಡಿ ಒಡೆದು ಷಟರ್ ಇಟ್ಟ ಅಂಗಡಿಗಳು. ಟ್ರೇಡ್ ಲೈಸೆನ್ಸ್ ಸಿಗದೆ ಬ್ರ್ಯಾಂಡೆಡ್ ಬಾಡಿಗೆದಾರ ಬರುವುದಿಲ್ಲ, ಉಳಿಯುವುದು ಜೆರಾಕ್ಸ್ ಅಂಗಡಿ ಮಾತ್ರ. ಹಾಂ, ಇನ್ನೊಂದು ಮರೆತೆ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ಕೊಳ್ಳುವಾಗ ಕೊಡುವ ಹಣದಲ್ಲಿ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದವರು ನೀವು, ಮಾರುವವರಲ್ಲ. ಮರೆತರೆ ನೋಟಿಸು ನಿಮ್ಮ ಮನೆಗೇ ಬರುತ್ತದೆ.

ತೆರಿಗೆಯಲ್ಲಿ ಒಂದು ಸಮಾಧಾನ ಇದೆ. ಅಂಗಡಿ ಬಾಡಿಗೆಯೂ ಮನೆ ಬಾಡಿಗೆಯ ಹಾಗೇ ಲೆಕ್ಕ, ಆಸ್ತಿ ತೆರಿಗೆ ಕಳೆದ ಮೇಲೆ ಶೇ 30ನ್ನು ರಿಪೇರಿ ಗಿಪೇರಿ ಬಿಲ್ಲು ತೋರಿಸದೆಯೇ ಬಿಟ್ಟುಕೊಡುತ್ತಾರೆ. ಸಾಲದ ಬಡ್ಡಿಯನ್ನೂ ಬಾಡಿಗೆಯಿಂದ ಕಳೆಯಬಹುದು. ಬಾಡಿಗೆ ಮೇಲೆ ಶೇ 18 ಜಿಎಸ್‌ಟಿ ಇದೆ, ಆದರೆ ನಿಮ್ಮ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೀವು ನೋಂದಣಿ ಮಾಡಿಸಬೇಕಿಲ್ಲ. ಬಾಡಿಗೆದಾರ ನೋಂದಾಯಿತನಾಗಿದ್ದರೆ 2024ರ ಅಕ್ಟೋಬರ್ 10ರಿಂದ ಸಾಮಾನ್ಯವಾಗಿ ಅವನೇ ಅದನ್ನು ಕಟ್ಟಬೇಕು. ಇದನ್ನು ಕರಾರಿನಲ್ಲೇ ಬರೆಸಿ, ಆಮೇಲೆ "ಬಾಡಿಗೆಯಲ್ಲೇ ಸೇರಿದೆ ಅಂದುಕೊಂಡಿದ್ದೆ" ಅನ್ನುವ ಮಾತು ಬರದಿರಲಿ.

ಬ್ಯಾಂಕ್ ಹರಾಜಿನ ಆಸ್ತಿ ಅಗ್ಗ ಅಂತ ಯಾರಾದರೂ ಕಿವಿಗೆ ಹಾಕಿಯೇ ಹಾಕುತ್ತಾರೆ. ಸಿಗುತ್ತದೆ ನಿಜ, ನಾನೂ ಒಂದು ಕೊಂಡಿದ್ದೇನೆ. ಆದರೆ ಗೆದ್ದ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ 25 ಕಟ್ಟಬೇಕು, ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಇದ್ದದ್ದು ಇದ್ದ ಹಾಗೇ ಅಂತ ಬರೆದಿರುತ್ತಾರೆ, ಅಂದರೆ ಒಳಗೆ ಹತ್ತು ವರ್ಷದಿಂದ ಕೂತಿರುವ ಬಾಡಿಗೆದಾರನೂ ನಿಮ್ಮವನೇ. ಮೊದಲ ಖರೀದಿಗೆ ಇದು ಬೇಡ.

ಹಾಗಾದರೆ ಈಗ ಏನು ಮಾಡಬೇಕು? ಎರಡು ವರ್ಷ ಕೊಳ್ಳಬೇಡಿ, ಕಲಿಯಿರಿ. ನಾನು ಶುರು ಮಾಡಿದ್ದು ಬ್ರೋಕರ್ ಆಫೀಸಿನಲ್ಲಿ, ಕೀ ಗೊಂಚಲು ಹಿಡಿದು ಸ್ಕೂಟರಿನಲ್ಲಿ ಗಿರಾಕಿಗಳಿಗೆ ಜಾಗ ತೋರಿಸುವ ಹುಡುಗನಾಗಿ. ನಾಲ್ಕು ವರ್ಷದಲ್ಲಿ ನೂರಾರು ಜನ ಯಾಕೆ ಜಾಗ ಬೇಡ ಅಂದರು ಅನ್ನುವುದನ್ನು ಕೇಳಿಸಿಕೊಂಡೆ, ಬೇರೆ ಯಾವ ಕೋರ್ಸಿನಲ್ಲೂ ಅಷ್ಟು ಕಲಿಯಲಿಲ್ಲ. ನೀವು ಕೀ ಗೊಂಚಲು ಹಿಡಿಯಬೇಕಿಲ್ಲ, ಶನಿವಾರಗಳನ್ನು ಇದಕ್ಕೆ ಇಡಿ. ಒಂದೇ ಒಂದು ಬಡಾವಣೆ ಆರಿಸಿಕೊಳ್ಳಿ, ನೀವಿರುವ ಕಡೆಯೇ ಆಗಲಿ. ಅದರ ಮುಖ್ಯರಸ್ತೆಯ ಪ್ರತಿ ಟು-ಲೆಟ್ ಬೋರ್ಡಿಗೂ ಫೋನು ಮಾಡಿ ಬಾಡಿಗೆ, ಅಡ್ವಾನ್ಸ್, ಎಷ್ಟು ದಿನದಿಂದ ಖಾಲಿ ಅಂತ ಕೇಳಿ ಬರೆದಿಡಿ. ಒಂದು ವರ್ಷದ ಹೊತ್ತಿಗೆ ಆ ರಸ್ತೆಯ ಬಗ್ಗೆ ಬ್ರೋಕರ್‌ಗಿಂತ ನಿಮಗೇ ಜಾಸ್ತಿ ಗೊತ್ತಿರುತ್ತದೆ.

ದುಡ್ಡು ಅಲ್ಲಿಯವರೆಗೆ ಸುಮ್ಮನೆ ಮಲಗಬೇಕಿಲ್ಲ. ಹೆಚ್ಚಿನ ಪಾಲು ಎಫ್‌ಡಿಯಲ್ಲಿರಲಿ, ಒಂದು ಚೂರನ್ನು ರೀಟ್‌ಗೆ ಹಾಕಿ ನೋಡಿ. ಹತ್ತಾರು ಆಫೀಸು ಕಟ್ಟಡಗಳನ್ನು ಒಂದು ಟ್ರಸ್ಟಿಗೆ ಸೇರಿಸಿ, ಅದರ ಯೂನಿಟ್ಟುಗಳನ್ನು ಷೇರಿನ ಹಾಗೆ ಮಾರುವುದು ರೀಟ್. ಭಾರತದಲ್ಲಿ ಮೊದಲು ಬಂದದ್ದು ಎಂಬೆಸಿ, 2019ರ ಏಪ್ರಿಲ್‌ನಲ್ಲಿ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, 2023ರಲ್ಲಿ ಮಾಲ್‌ಗಳ ನೆಕ್ಸಸ್ ಬಂದವು. ಕೈಗೆ ಬರುವ ಹಂಚಬಹುದಾದ ಹಣದಲ್ಲಿ ಶೇ 90ನ್ನು ಹೂಡಿಕೆದಾರರಿಗೆ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ ಇದೆ. ಮೊದಲು ಎರಡು ಲಕ್ಷಕ್ಕಿಂತ ಕಡಿಮೆ ಹಾಕುವ ಹಾಗಿರಲಿಲ್ಲ, 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ನಾನು ಇದನ್ನು ಹೇಳುತ್ತಿರುವುದು ಲಾಭಕ್ಕಿಂತ ಓದಿಗೆ. ಮೂರು ತಿಂಗಳಿಗೊಮ್ಮೆ ಅವರು ವರದಿ ಹಾಕುತ್ತಾರೆ. ಎಷ್ಟು ಜಾಗ ತುಂಬಿದೆ, ಯಾರ ಕರಾರು ಯಾವ ವರ್ಷ ಮುಗಿಯುತ್ತದೆ, ಹಳೇ ಬಾಡಿಗೆದಾರ ಬಿಟ್ಟ ಜಾಗ ಹೊಸ ಬಾಡಿಗೆಗೆ ಎಷ್ಟು ಹೆಚ್ಚಿಗೆ ಹೋಯಿತು, ಎಲ್ಲಾ ಇರುತ್ತದೆ, ಬಿಟ್ಟಿಯಾಗಿ. ದೊಡ್ಡವರು ಯಾವ ಪ್ರಶ್ನೆ ಕೇಳಿಕೊಳ್ಳುತ್ತಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಒಂದೇ ಕಟ್ಟಡದಲ್ಲಿ ಪಾಲು ಬೇಕು ಅನ್ನುವವರಿಗೆ ಸಣ್ಣ ರೀಟ್‌ಗಳೂ ಬಂದಿವೆ, 2024ರ ನಿಯಮದ ಪ್ರಕಾರ ಕನಿಷ್ಠ ಹತ್ತು ಲಕ್ಷ. ಆದರೆ ಮಾರಬೇಕು ಅಂದ ದಿನ ಕೊಳ್ಳುವವರು ಸಿಗುತ್ತಾರಾ ಅಂತ ನೋಡಿಕೊಂಡು ಹಾಕಿ.

ಮೂರನೇ ವರ್ಷ ಮೊದಲ ಅಂಗಡಿ. ಚಿಕ್ಕದು, ನಡೆದು ಹೋಗುವಷ್ಟು ಹತ್ತಿರದ್ದು, ಈಗಾಗಲೇ ಬಾಡಿಗೆದಾರ ಇರುವಂಥದ್ದು. ಅವನ ಹಿಂದಿನ ಹನ್ನೆರಡು ತಿಂಗಳ ಬಾಡಿಗೆ ಬ್ಯಾಂಕಿಗೆ ಬಂದ ದಾಖಲೆ ಕೇಳಿ. ಮಾರುವವರು ತಮ್ಮ ಭಾಮೈದನನ್ನೇ ಜಾಸ್ತಿ ಬಾಡಿಗೆಗೆ ಕೂರಿಸಿ ಬೆಲೆ ಏರಿಸುವುದು ಹೊಸದೇನಲ್ಲ.

ಆದರೆ ಇದೆಲ್ಲಕ್ಕಿಂತ ಮುಂಚೆ, ನೀವು ಲೆಕ್ಕಕ್ಕೇ ಇಲ್ಲ ಅಂದ ಆ ಮಂಡಿಪೇಟೆ ಅಂಗಡಿ. ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಸಾಲು ಅದೊಂದೇ. ಇರುವ ವಾಣಿಜ್ಯ ಆಸ್ತಿಯನ್ನು ನೋಡಿಕೊಳ್ಳದೆ ಹೊಸದನ್ನು ಕೊಳ್ಳಲು ಹೊರಟಿದ್ದೀರಲ್ಲ! ದಾವಣಗೆರೆ ಮಂಡಿಪೇಟೆಯಲ್ಲಿ 4,500 ಅಂದರೆ ಎಷ್ಟು ವರ್ಷದಿಂದ ಯಾರೂ ಬಾಡಿಗೆ ಮಾತಾಡಿಲ್ಲ ಅಂತ ಅರ್ಥ. ಅಕ್ಕಪಕ್ಕದ ನಾಲ್ಕು ಅಂಗಡಿಯವರನ್ನು ಕೇಳಿ, ಇವತ್ತಿನ ಬಾಡಿಗೆ ಗೊತ್ತಾಗುತ್ತದೆ. ಅದು ಇದರ ಮೂರು ಪಟ್ಟಿದ್ದರೆ, 60 ಲಕ್ಷದಲ್ಲಿ ಒಂದು ಪೈಸೆಯನ್ನೂ ಮುಟ್ಟದೆ ನಿಮ್ಮ ಮೊದಲ ಲಾಭ ಅಲ್ಲೇ ಇದೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಟೇಪ್ ತಗೊಂಡು ಹೋಗಿ ಅಳೆಯಿರಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದ ವಾಣಿಜ್ಯ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅದಕ್ಕಿಂತ ಚಿಕ್ಕದಾಗಿದ್ದರೆ ಲೆಕ್ಕ ಬೇರೆ, ಬಾಡಿಗೆ ಮಾತು ಎತ್ತುವ ಮೊದಲೇ ಅಲ್ಲಿನ ವಕೀಲರೊಬ್ಬರನ್ನು ಕಾಣಿ. ಹಳೇ ಕರಾರುಪತ್ರ ಅಪ್ಪನ ಟ್ರಂಕಿನಲ್ಲಿ ಇದೆಯಾ ಹುಡುಕಿ, ಕೊನೆಯ ಕರಾರು ಯಾವಾಗ ಮುಗಿದಿದೆ ನೋಡಿ. ಅಂಗಡಿಯವರ ಹತ್ತಿರ ಹೋಗುವಾಗ ಅಪ್ಪನನ್ನು ಕರೆದುಕೊಂಡೇ ಹೋಗಿ, ಮಾತು ಅವರೇ ಶುರು ಮಾಡಲಿ. ನೀವು ನೋಟಿಸು, ಸೆಕ್ಷನ್ನು ಅಂತ ಬಾಯಿ ಬಿಡಬೇಡಿ. ಒಂದೇ ಸಲ ಮೂರು ಪಟ್ಟು ಕೇಳಿದರೆ ಯಾರೂ ಕೊಡುವುದಿಲ್ಲ, ಈ ವರ್ಷ ಇಷ್ಟು, ಎರಡು ವರ್ಷಕ್ಕೆ ಇಷ್ಟು ಅಂತ ಮೆಟ್ಟಿಲು ಹಾಕಿ, ಸೋರುವ ಚಾವಣಿಯೋ ಹಾಳಾದ ಷಟರ್ರೋ ಇದ್ದರೆ ಸರಿಮಾಡಿಸಿ ಕೊಡುತ್ತೇವೆ ಅನ್ನಿ. ಒಪ್ಪಿದರೆ ಮೂರು ವರ್ಷದ ಹೊಸ ಕರಾರು ಮಾಡಿಸಿ. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು, ಹನ್ನೊಂದು ತಿಂಗಳ ಹಾಳೆಯಲ್ಲಿ ಮುಗಿಸಬೇಡಿ. ಆಮೇಲೆ ಆ ಅಂಗಡಿಯ ಅಳತೆ, ಮುಖದ ಅಗಲ, ಹೊಸ ಬಾಡಿಗೆ ಎಷ್ಟಕ್ಕೆ ನಿಂತಿತು ಅಂತ ನನಗೊಂದು ಸಾಲು ಬರೆಯಿರಿ.